ಕ್ಯಾಲೆಂಡರಿನಿಂದ ಕಾಣೆಯಾದ ದಿನಗಳು

1582ರ ಅಕ್ಟೋಬರ್ 4, ಗುರುವಾರ. ಅಂದು ರಾತ್ರಿ ರೋಮ್, ಮ್ಯಾಡ್ರಿಡ್, ಲಿಸ್ಬನ್ ನಗರಗಳಲ್ಲಿ ಮಲಗಿದವರು ಬೆಳಗಾಗಿ ಎದ್ದಾಗ ತಾರೀಖು ಅಕ್ಟೋಬರ್ 15 ಆಗಿತ್ತು. ವಾರ ಮಾತ್ರ ತಪ್ಪಿರಲಿಲ್ಲ. ಗುರುವಾರದ ಮರುದಿನ ಶುಕ್ರವಾರವೇ ಬಂದಿತ್ತು. ನಡುವಿನ 10 ತಾರೀಖುಗಳು ಆ ಊರುಗಳ ಪಾಲಿಗೆ ಹುಟ್ಟಲೇ ಇಲ್ಲ. ಆ ದಿನಗಳಲ್ಲಿ ಅಲ್ಲಿ ಯಾರೂ ಜನಿಸಲಿಲ್ಲ, ಯಾರೂ ಸಾಯಲಿಲ್ಲ, ಯಾವ ಪತ್ರಕ್ಕೂ ಸಹಿ ಬೀಳಲಿಲ್ಲ. ಸ್ಪೇನಿನ ಆವಿಲಾದ ಸಂತ ತೆರೇಸಾ ತೀರಿಕೊಂಡದ್ದು ಇದೇ ರಾತ್ರಿ. ಮರುದಿನವೇ ಅವರನ್ನು ಸಮಾಧಿ ಮಾಡಲಾಯಿತು, ಆದರೆ ದಾಖಲೆಯ ಪ್ರಕಾರ ಅದು ಅಕ್ಟೋಬರ್ 15. ಇಂದಿಗೂ ಅವರ ಹಬ್ಬ ನಡೆಯುವುದು ಆ ದಿನವೇ.

ಈ ಗೊಂದಲದ ಬೇರು ಪ್ರಾಚೀನ ರೋಮಿನಲ್ಲಿದೆ. ರೋಮನ್ನರ ವರ್ಷಕ್ಕೆ 355 ದಿನ. ಋತುಗಳಿಗೂ ತಿಂಗಳಿಗೂ ತಾಳೆಯಾಗಲು ಆಗಾಗ ಒಂದು ಹೆಚ್ಚಿನ ತಿಂಗಳನ್ನು ಸೇರಿಸುತ್ತಿದ್ದರು, ನಮ್ಮ ಅಧಿಕ ಮಾಸದ ಹಾಗೆ. ಆದರೆ ಯಾವ ವರ್ಷ ಸೇರಿಸಬೇಕು ಎಂದು ಗಣಿತ ಹೇಳುತ್ತಿರಲಿಲ್ಲ, ಪುರೋಹಿತ ಮಂಡಳಿ ಹೇಳುತ್ತಿತ್ತು. ಮಂಡಳಿಯ ಸದಸ್ಯರೆಲ್ಲ ರಾಜಕಾರಣಿಗಳು. ತಮ್ಮವರು ಅಧಿಕಾರದಲ್ಲಿದ್ದರೆ ವರ್ಷವನ್ನು ಹಿಗ್ಗಿಸುವುದು, ಎದುರಾಳಿಗಳಿದ್ದರೆ ಅಧಿಕ ಮಾಸವನ್ನೇ ಮರೆತುಬಿಡುವುದು ನಡೆದೇ ಇತ್ತು. ಹೀಗಾಗಿ ಜೂಲಿಯಸ್ ಸೀಸರ್‌ನ ಕಾಲಕ್ಕೆ ಕ್ಯಾಲೆಂಡರು ಋತುಗಳಿಂದ ಸುಮಾರು ಮೂರು ತಿಂಗಳು ದೂರ ಸರಿದಿತ್ತು. ಅಲೆಕ್ಸಾಂಡ್ರಿಯಾದ ಸೊಸಿಜೆನೀಸ್ ಎಂಬ ಜ್ಯೋತಿರ್ವಿದನ ಸಲಹೆ ಪಡೆದ ಸೀಸರ್, ಕ್ರಿ.ಪೂ. 46ನೇ ಇಸವಿಗೆ ಮೂರು ಹೆಚ್ಚುವರಿ ತಿಂಗಳು ತುರುಕಿ ಬಾಕಿ ತೀರಿಸಿದ. ಆ ಒಂದು ವರ್ಷ 445 ದಿನಗಳ ಕಾಲ ನಡೆಯಿತು. ಬರೆದಿಟ್ಟ ಇತಿಹಾಸದಲ್ಲಿ ಇಷ್ಟು ಉದ್ದದ ವರ್ಷ ಸಿಗುವುದು ಕಷ್ಟ.

ಮರುವರ್ಷದಿಂದ 365 ದಿನಗಳ ವರ್ಷ, ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಹೆಚ್ಚು ಎಂಬ ಸರಳ ಪದ್ಧತಿ ಜಾರಿಗೆ ಬಂತು. ಅಷ್ಟು ಸರಳವಾದದ್ದನ್ನೂ ಕೆಡಿಸಲು ಸಾಧ್ಯವಾಯಿತು. ಸೀಸರ್ ಕೊಲೆಯಾದ ಮೇಲೆ ಪುರೋಹಿತರು ಎಣಿಕೆ ತಪ್ಪಿ ಮೂರು ವರ್ಷಕ್ಕೊಮ್ಮೆ ಅಧಿಕ ದಿನ ಸೇರಿಸುತ್ತಾ ಹೋದರು. ಮೂರು ದಶಕಗಳಿಗೂ ಹೆಚ್ಚು ಕಾಲ ಇದು ಹೀಗೇ ಸಾಗಿ, ಕೊನೆಗೆ ಅಗಸ್ಟಸ್ ಚಕ್ರವರ್ತಿ ಕೆಲವು ಅಧಿಕ ವರ್ಷಗಳನ್ನು ರದ್ದು ಮಾಡಿ ಸರಿದಾರಿಗೆ ತಂದ. ಇವರಿಬ್ಬರ ಹೆಸರೂ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಉಳಿದುಕೊಂಡಿದೆ.

ಸೊಸಿಜೆನೀಸ್‌ನ ಲೆಕ್ಕದಲ್ಲಿ ವರ್ಷಕ್ಕೆ 365 ದಿನ 6 ಗಂಟೆ. ಋತುಗಳ ನಿಜವಾದ ವರ್ಷ ಇದಕ್ಕಿಂತ ಸುಮಾರು 11 ನಿಮಿಷ ಚಿಕ್ಕದು. ಹನ್ನೊಂದು ನಿಮಿಷಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೆ 128 ವರ್ಷಕ್ಕೆ ಅದು ಒಂದು ದಿನವಾಗುತ್ತದೆ. ಕ್ರಿ.ಶ. 325ರಲ್ಲಿ ನೈಸಿಯಾ ಧರ್ಮಸಭೆ ನಡೆದಾಗ ಹಗಲು ಇರುಳು ಸಮನಾಗುವ ವಿಷುವ ದಿನ ಮಾರ್ಚ್ 21ರ ಸುಮಾರಿಗೆ ಬೀಳುತ್ತಿತ್ತು; 16ನೇ ಶತಮಾನದ ಹೊತ್ತಿಗೆ ಅದು ಮಾರ್ಚ್ 11ಕ್ಕೆ ಜಾರಿತ್ತು. ಈಸ್ಟರ್ ಹಬ್ಬದ ದಿನ ಗೊತ್ತುಮಾಡುವುದೇ ವಿಷುವದ ಆಧಾರದ ಮೇಲೆ. ಹಾಗಾಗಿ ಚರ್ಚಿಗೆ ಇದು ಖಗೋಳದ ಪ್ರಶ್ನೆಗಿಂತ ಹೆಚ್ಚಾಗಿ ಹಬ್ಬದ ಪ್ರಶ್ನೆ. ವ್ಯಾಟಿಕನ್‌ನಲ್ಲಿ ಇದನ್ನು ಅಳೆಯಲೆಂದೇ ಒಂದು ಗೋಪುರವಿದೆ. ಅದರ ಗೋಡೆಯ ಸಣ್ಣ ರಂಧ್ರದಿಂದ ನುಗ್ಗುವ ಬಿಸಿಲು ಮಧ್ಯಾಹ್ನ ನೆಲದ ಅಮೃತಶಿಲೆಯ ಗೆರೆಯನ್ನು ದಾಟುತ್ತದೆ. ಬಿಸಿಲು ಎಲ್ಲಿ ಬಿತ್ತು ಎಂಬುದನ್ನು ನೋಡಿದರೆ ಕ್ಯಾಲೆಂಡರು ಎಷ್ಟು ದಿನ ತಪ್ಪಿದೆ ಎಂಬುದು ಕಣ್ಣಿಗೇ ಕಾಣುತ್ತಿತ್ತು.

ಪರಿಹಾರ ಸೂಚಿಸಿದವನು ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದ ವೈದ್ಯ ಅಲೋಯ್ಸಿಯಸ್ ಲಿಲಿಯಸ್. ತನ್ನ ಯೋಜನೆ ಜಾರಿಯಾದದ್ದನ್ನು ನೋಡಲು ಅವನು ಉಳಿಯಲಿಲ್ಲ; 1576ರಲ್ಲೇ ತೀರಿಕೊಂಡ. ಹಸ್ತಪ್ರತಿಯನ್ನು ಪೋಪರ ಸಮಿತಿಗೆ ಒಪ್ಪಿಸಿದವನು ಅವನ ಸಹೋದರ. 100ರಿಂದ ಭಾಗವಾಗುವ ವರ್ಷಗಳಲ್ಲಿ 400ರಿಂದಲೂ ಭಾಗವಾಗುವವು ಮಾತ್ರ ಅಧಿಕ ವರ್ಷ ಎಂಬ ಸೂತ್ರ ಹೀಗೆ ಬಂತು. 1600, 2000 ಅಧಿಕ ವರ್ಷಗಳು. 1700, 1800, 1900 ಅಲ್ಲ. ಪೋಪ್ 13ನೇ ಗ್ರೆಗೊರಿ 1582ರ ಫೆಬ್ರವರಿಯಲ್ಲಿ ಆಜ್ಞೆ ಹೊರಡಿಸಿದರು. ಹೆಸರೂ ಅವರದೇ ಆಯಿತು. ವೈದ್ಯನನ್ನು ನೆನೆಯುವವರು ಕಡಿಮೆ.

ಕ್ಯಾಥೊಲಿಕ್ ದೇಶಗಳು ಬೇಗನೆ ಒಪ್ಪಿಕೊಂಡವು. ಫ್ರಾನ್ಸ್ ಎರಡು ತಿಂಗಳು ತಡಮಾಡಿ ಅದೇ ಡಿಸೆಂಬರಿನಲ್ಲಿ 10 ದಿನ ಬಿಟ್ಟಿತು. ಪ್ರಾಟೆಸ್ಟೆಂಟ್ ನಾಡುಗಳಿಗೆ ಮಾತ್ರ ಇದು ಪೋಪರ ಕುತಂತ್ರದಂತೆ ಕಂಡಿತು. ಎರಡೂ ಪಂಗಡದವರಿದ್ದ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಕ್ಯಾಲೆಂಡರಿನ ಹೆಸರಲ್ಲಿ ಗಲಭೆಯೇ ಎದ್ದಿತು. ಜರ್ಮನಿಯ ಪ್ರಾಟೆಸ್ಟೆಂಟ್ ಸಂಸ್ಥಾನಗಳು 1700ರವರೆಗೆ, ಇಂಗ್ಲೆಂಡ್ 1752ರವರೆಗೆ ಹಳೆಯ ಲೆಕ್ಕವನ್ನೇ ಹಿಡಿದುಕೊಂಡವು. ನಡುವಿನ ಕಾಲದಲ್ಲಿ ಯುರೋಪಿನಲ್ಲಿ ಗಡಿ ದಾಟಿದವನ ಪಾಲಿಗೆ ತಾರೀಖು ಹತ್ತು ದಿನ ಹಿಂದಕ್ಕೋ ಮುಂದಕ್ಕೋ ಜಿಗಿಯುತ್ತಿತ್ತು.

ಇದರಿಂದ ಹುಟ್ಟಿದ ವಿಚಿತ್ರಗಳು ಇತಿಹಾಸದ ಪುಸ್ತಕಗಳಲ್ಲಿ ಇಂದಿಗೂ ಓದುಗರ ದಾರಿ ತಪ್ಪಿಸುತ್ತವೆ. 1688ರಲ್ಲಿ ಆರೆಂಜ್‌ನ ವಿಲಿಯಂ ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಹಡಗು ಹತ್ತಿದ. ಹಾಲೆಂಡಿನ ಲೆಕ್ಕದಲ್ಲಿ ಅವನು ಹೊರಟದ್ದು ನವೆಂಬರ್ 11ರಂದು, ಇಂಗ್ಲೆಂಡಿನ ಲೆಕ್ಕದಲ್ಲಿ ದಡ ಮುಟ್ಟಿದ್ದು ನವೆಂಬರ್ 5ರಂದು. ತಾರೀಖು ನಂಬಿದರೆ ಹೊರಡುವುದಕ್ಕೆ ಆರು ದಿನ ಮೊದಲೇ ತಲುಪಿದ್ದ! ಶೇಕ್ಸ್‌ಪಿಯರ್ ಮತ್ತು ಸರ್ವಾಂಟಿಸ್ ಇಬ್ಬರ ಹೆಸರಿಗೂ 1616ರ ಏಪ್ರಿಲ್ 23 ಅಂಟಿಕೊಂಡಿದೆ. ಯುನೆಸ್ಕೊ ಆ ದಿನವನ್ನು ವಿಶ್ವ ಪುಸ್ತಕ ದಿನವಾಗಿ ಆಚರಿಸುತ್ತದೆ. ಆದರೆ ಶೇಕ್ಸ್‌ಪಿಯರ್‌ನ ಏಪ್ರಿಲ್ 23 ಸ್ಪೇನಿನಲ್ಲಿ ಮೇ 3. ಸರ್ವಾಂಟಿಸ್ ಮಣ್ಣಾಗಿ ಹತ್ತು ದಿನ ಕಳೆದ ಮೇಲೂ ಶೇಕ್ಸ್‌ಪಿಯರ್ ಬದುಕಿದ್ದ. ಗೆಲಿಲಿಯೊ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಎಂಬ ಜನಪ್ರಿಯ ಮಾತಿಗೂ ಇದೇ ಗತಿ. ನ್ಯೂಟನ್ ಹುಟ್ಟಿದ 1642ರ ಕ್ರಿಸ್‌ಮಸ್ ದಿನ ಗೆಲಿಲಿಯೊನ ಇಟಲಿಯಲ್ಲಿ 1643ರ ಜನವರಿ 4 ಆಗಿತ್ತು.

ಇಂಗ್ಲೆಂಡಿನಲ್ಲಿ ಇನ್ನೂ ಒಂದು ತೊಡಕಿತ್ತು. ಅಲ್ಲಿ ಕಾನೂನಿನ ಹೊಸ ವರ್ಷ ಶುರುವಾಗುತ್ತಿದ್ದುದು ಜನವರಿ 1ಕ್ಕಲ್ಲ, ಮಾರ್ಚ್ 25ಕ್ಕೆ. ಅಂದರೆ 1700ರ ಡಿಸೆಂಬರ್ 31ರ ಮರುದಿನ ಕಾಗದಪತ್ರಗಳಲ್ಲಿ 1700ರ ಜನವರಿ 1. ಎಷ್ಟೋ ಜನ ಗೊಂದಲ ತಪ್ಪಿಸಲು ಎರಡೂ ಇಸವಿಗಳನ್ನು ಗೆರೆ ಹಾಕಿ ಬರೆಯುತ್ತಿದ್ದರು. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗ ವರ್ಜೀನಿಯಾದಲ್ಲಿ 1731ರ ಫೆಬ್ರವರಿ 11; ಇಂದು ಎಲ್ಲರೂ ಒಪ್ಪುವ ದಿನ 1732ರ ಫೆಬ್ರವರಿ 22. ದಿನವೂ ಬದಲು, ವರ್ಷವೂ ಬದಲು.

ಲಾರ್ಡ್ ಚೆಸ್ಟರ್‌ಫೀಲ್ಡ್ ಮಂಡಿಸಿದ ಮಸೂದೆ ಎರಡನ್ನೂ ಒಟ್ಟಿಗೆ ಸರಿಪಡಿಸಿತು. ಮೊದಲು 1751ನೇ ಇಸವಿಯನ್ನು ಡಿಸೆಂಬರಿಗೇ ಮುಗಿಸಲಾಯಿತು; ಮಾರ್ಚ್ 25ಕ್ಕೆ ಹುಟ್ಟಿದ ಆ ವರ್ಷಕ್ಕೆ ಸಿಕ್ಕಿದ್ದು 282 ದಿನ ಮಾತ್ರ. ಮುಂದಿನ ವರ್ಷ ಸೆಪ್ಟೆಂಬರ್ 2, ಬುಧವಾರದ ಮರುದಿನ ಸೆಪ್ಟೆಂಬರ್ 14, ಗುರುವಾರ ಬಂತು. ಇಷ್ಟರಲ್ಲಿ 1700ನೇ ಇಸವಿ ದಾಟಿದ್ದರಿಂದ ಅಂತರ 10ರಿಂದ 11ಕ್ಕೆ ಏರಿತ್ತು. ತಡಮಾಡಿದ್ದಕ್ಕೆ ಒಂದು ದಿನ ಹೆಚ್ಚಿಗೆ ತೆರಬೇಕಾಯಿತು. ಅಮೆರಿಕದ ವಸಾಹತುಗಳಲ್ಲೂ ಅದೇ ದಿನ ಅದೇ ಜಿಗಿತ.

ಹನ್ನೊಂದು ದಿನ ವಾಪಸು ಕೊಡಿ ಎಂದು ಇಂಗ್ಲಿಷ್ ಜನ ಬೀದಿಗಿಳಿದು ದೊಂಬಿ ನಡೆಸಿದರು ಎಂಬ ಕಥೆ ನೂರಾರು ಪುಸ್ತಕಗಳಲ್ಲಿದೆ. ದೊಂಬಿ ನಡೆದದ್ದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಕಥೆಯ ಮುಖ್ಯ ಮೂಲ ಒಂದು ವ್ಯಂಗ್ಯಚಿತ್ರ. ವಿಲಿಯಂ ಹೊಗಾರ್ತ್ 1755ರ ಸುಮಾರಿಗೆ ಬರೆದ ಚುನಾವಣಾ ಚಿತ್ರಮಾಲೆಯ ಮೊದಲ ಚಿತ್ರದಲ್ಲಿ ಒಂದು ಛತ್ರದೊಳಗೆ ಅಭ್ಯರ್ಥಿಗಳು ಮತದಾರರಿಗೆ ಹೊಟ್ಟೆ ಬಿರಿಯುವಂತೆ ಊಟ, ಹೆಂಡ ಹಂಚುತ್ತಿದ್ದಾರೆ. ಆ ಗದ್ದಲದ ನಡುವೆ ಎದುರು ಪಕ್ಷದಿಂದ ಕಸಿದುಕೊಂಡ ಬಾವುಟವೊಂದು ನೆಲದ ಮೇಲೆ ಬಿದ್ದಿದೆ. ನಮ್ಮ ಹನ್ನೊಂದು ದಿನ ನಮಗೆ ಕೊಡಿ ಎಂಬ ಘೋಷಣೆ ಇರುವುದು ಆ ಬಾವುಟದ ಮೇಲೆ. ಚಿತ್ರಕಾರನ ಚೇಷ್ಟೆಯನ್ನು ಮುಂದಿನವರು ವರದಿಯೆಂದು ಓದಿದರು. ಮತದಾರರಿಗೆ ಊಟ ಹಾಕುವ ಪದ್ಧತಿ ಎಷ್ಟು ಹಳೆಯದು ಎಂಬುದಕ್ಕೂ ಈ ಚಿತ್ರವೇ ಸಾಕ್ಷಿ.

ಜನ ದಡ್ಡರೂ ಅಲ್ಲ, ಸರ್ಕಾರ ಅಷ್ಟು ಅಜಾಗರೂಕವೂ ಅಲ್ಲ. ಬಾಡಿಗೆ, ಸಾಲ, ಒಪ್ಪಂದಗಳ ಗಡುವನ್ನು ನಿಜವಾಗಿ ಕಳೆದ ದಿನಗಳ ಲೆಕ್ಕದಲ್ಲೇ ಹಿಡಿಯಬೇಕೆಂದು ಕಾಯ್ದೆ ಹೇಳಿತ್ತು. 21 ವರ್ಷ ತುಂಬುವ ಯುವಕನಿಗೂ 11 ದಿನದ ರಿಯಾಯಿತಿ ಇರಲಿಲ್ಲ. ಮಾರ್ಚ್ 25ಕ್ಕೆ ಮುಗಿಯುತ್ತಿದ್ದ ಹಣಕಾಸಿನ ಲೆಕ್ಕ ಇದೇ ನ್ಯಾಯದಿಂದ ಏಪ್ರಿಲ್ 5ಕ್ಕೆ ಸರಿಯಿತು. ಬ್ರಿಟನ್ನಿನ ಆದಾಯ ತೆರಿಗೆ ವರ್ಷ ಇಂದಿಗೂ ಏಪ್ರಿಲ್ 5ಕ್ಕೆ ಮುಗಿದು 6ಕ್ಕೆ ಆರಂಭವಾಗುವುದರ ಹಿಂದೆ ಇರುವುದು ಆ ಹನ್ನೊಂದು ದಿನಗಳು.

ನಿಜವಾದ ಪ್ರತಿರೋಧ ಬಂದದ್ದು ಹಬ್ಬದ ವಿಷಯದಲ್ಲಿ. ಬಕಿಂಗ್‌ಹ್ಯಾಮ್‌ಶೈರಿನ ಕ್ವೈಂಟನ್ ಎಂಬ ಹಳ್ಳಿಯಲ್ಲಿ ಕ್ರಿಸ್‌ಮಸ್‌ಗೆ ಸರಿಯಾಗಿ ಅರಳುತ್ತದೆಂಬ ನಂಬಿಕೆಯ ಒಂದು ಮುಳ್ಳಿನ ಗಿಡವಿತ್ತು. ಹೊಸ ಲೆಕ್ಕದ ಕ್ರಿಸ್‌ಮಸ್ ಹಿಂದಿನ ರಾತ್ರಿ 2 ಸಾವಿರಕ್ಕೂ ಹೆಚ್ಚು ಜನ ಲಾಟೀನು, ಮೇಣದ ಬತ್ತಿ ಹಿಡಿದು ಅದನ್ನು ನೋಡಲು ಹೋದರೆಂದು ಅಂದಿನ ಪತ್ರಿಕೆ ಬರೆದಿದೆ. ಗಿಡದಲ್ಲಿ ಒಂದು ಮೊಗ್ಗೂ ಇರಲಿಲ್ಲ. ಗಿಡಕ್ಕೆ ಗೊತ್ತಿಲ್ಲದ ಕ್ರಿಸ್‌ಮಸ್ ಕ್ರಿಸ್‌ಮಸ್ಸೇ ಅಲ್ಲವೆಂದು ತೀರ್ಮಾನಿಸಿದ ಜನ ಮರುದಿನ ಚರ್ಚಿಗೆ ಹೋಗಲಿಲ್ಲ. ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಫೌಲಾ ಎಂಬ ಪುಟ್ಟ ದ್ವೀಪದವರು ಈಗಲೂ ಕ್ರಿಸ್‌ಮಸ್ಸನ್ನು ಜನವರಿ 6ಕ್ಕೆ, ಹೊಸ ವರ್ಷವನ್ನು ಜನವರಿ 13ಕ್ಕೆ ಆಚರಿಸುತ್ತಾರೆ.

ಸ್ವೀಡನ್ ಮಾಡಿಕೊಂಡ ಎಡವಟ್ಟಿನ ಮುಂದೆ ಇದೆಲ್ಲ ಏನೂ ಅಲ್ಲ. ಒಂದೇ ಸಲಕ್ಕೆ ಹನ್ನೊಂದು ದಿನ ಕಿತ್ತರೆ ಜನರಿಗೆ ಕಷ್ಟ, 1700ರಿಂದ 1740ರವರೆಗೆ ಬರುವ ಅಧಿಕ ದಿನಗಳನ್ನು ಒಂದೊಂದಾಗಿ ಬಿಡುತ್ತಾ ಹೋದರೆ ಯಾರಿಗೂ ಗೊತ್ತಾಗದಂತೆ ಹೊಸ ಲೆಕ್ಕಕ್ಕೆ ತಲುಪಬಹುದು ಎಂದು ಅಲ್ಲಿನ ಆಡಳಿತ ಯೋಚಿಸಿತು. ಕಾಗದದ ಮೇಲೆ ಚೆಂದದ ಯೋಜನೆ. 1700ರ ಫೆಬ್ರವರಿ 29ನ್ನು ಬಿಟ್ಟದ್ದೂ ಆಯಿತು. ಅಷ್ಟರಲ್ಲಿ ರಷ್ಯಾ, ಡೆನ್ಮಾರ್ಕ್, ಪೋಲೆಂಡ್ ಕಡೆಯವರೊಂದಿಗೆ ಮಹಾಯುದ್ಧ ಶುರುವಾಗಿ, 1704 ಮತ್ತು 1708ರಲ್ಲಿ ಅಧಿಕ ದಿನ ಬಿಡುವುದೇ ಮರೆತುಹೋಯಿತು. ಸ್ವೀಡನ್ ಈಗ ಹಳೆಯ ಲೆಕ್ಕಕ್ಕಿಂತ ಒಂದು ದಿನ ಮುಂದೆ, ಹೊಸ ಲೆಕ್ಕಕ್ಕಿಂತ ಹತ್ತು ದಿನ ಹಿಂದೆ. ಜಗತ್ತಿನಲ್ಲಿ ಯಾರೊಂದಿಗೂ ಅದರ ತಾರೀಖು ಹೊಂದುತ್ತಿರಲಿಲ್ಲ. ಬೇಸತ್ತ ದೊರೆ 12ನೇ ಚಾರ್ಲ್ಸ್ ಹಳೆಯದಕ್ಕೇ ಮರಳಲು ನಿರ್ಧರಿಸಿದ. ಬಿಟ್ಟ ಒಂದು ದಿನವನ್ನು ವಾಪಸು ತರಬೇಕಲ್ಲ, ಅದಕ್ಕಾಗಿ 1712ರಲ್ಲಿ ಫೆಬ್ರವರಿಗೆ 29ರ ಮೇಲೆ ಇನ್ನೊಂದು ದಿನ ಸೇರಿಸಿದರು. ಆಗ ಸ್ವೀಡನ್ನಿಗೆ ಸೇರಿದ್ದ ಫಿನ್ಲೆಂಡಿನಲ್ಲೂ ಆ ವರ್ಷ ಫೆಬ್ರವರಿ 30 ಬಂತು. ಕೊನೆಗೆ 1753ರಲ್ಲಿ ಸ್ವೀಡನ್ ಎಲ್ಲರಂತೆ ಫೆಬ್ರವರಿ 17ರಿಂದ ನೇರ ಮಾರ್ಚ್ 1ಕ್ಕೆ ಜಿಗಿಯಿತು.

ದಿನ ಕಾಣೆಯಾಗಲು ಪೋಪರ ಆಜ್ಞೆಯೇ ಬೇಕೆಂದಿಲ್ಲ, ಭೂಮಿಯ ದುಂಡಗಿನ ಆಕಾರವೂ ಸಾಕು. ಮೆಗಲನ್‌ನ ತಂಡದಲ್ಲಿ ಉಳಿದವರು ಭೂಮಿಯನ್ನು ಸುತ್ತಿ 1522ರ ಜುಲೈನಲ್ಲಿ ಕೇಪ್ ವರ್ಡ್ ದ್ವೀಪ ಮುಟ್ಟಿದಾಗ ಹಡಗಿನ ದಿನಚರಿಯಲ್ಲಿ ಬುಧವಾರ, ದಡದಲ್ಲಿ ಗುರುವಾರ. ಒಂದು ದಿನವೂ ತಪ್ಪದೆ ದಿನಚರಿ ಬರೆದಿಟ್ಟಿದ್ದ ತಂಡದ ಪಿಗಾಫೆಟ್ಟಾ ಕಕ್ಕಾಬಿಕ್ಕಿಯಾದ. ಸೂರ್ಯನ ಜೊತೆಯಲ್ಲೇ ಪಶ್ಚಿಮಕ್ಕೆ ಸಾಗಿದವರಿಗೆ ಒಂದು ಸೂರ್ಯೋದಯ ಕಡಿಮೆ ಸಿಕ್ಕಿತ್ತು. ಮೆಕ್ಸಿಕೊ ಕಡೆಯಿಂದ ಬಂದ ಸ್ಪೇನಿನವರು ಆಳಿದ ಫಿಲಿಪೀನ್ಸ್ ಶತಮಾನಗಳ ಕಾಲ ಅಮೆರಿಕ ಖಂಡದ ವಾರವನ್ನೇ ಅನುಸರಿಸಿತು. ಮೆಕ್ಸಿಕೊ ಸ್ವತಂತ್ರವಾಗಿ, ವ್ಯಾಪಾರ ಚೀನಾದ ಕಡೆಗೆ ತಿರುಗಿದ ಮೇಲೆ 1844ರ ಡಿಸೆಂಬರ್ 31ನ್ನು ಅಳಿಸಿ ಏಷ್ಯಾದ ಸಾಲಿಗೆ ಸೇರಿತು. ಸಮೋವಾ ಎರಡೂ ಕಡೆ ಓಡಾಡಿದೆ. ಅಮೆರಿಕದ ವ್ಯಾಪಾರಿಗಳಿಗೆ ಹೊಂದಿಕೊಳ್ಳಲು 1892ರಲ್ಲಿ ಜುಲೈ 4ನ್ನು ಎರಡು ಸಲ ಆಚರಿಸಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ವ್ಯವಹಾರ ಬೆಳೆದ ಮೇಲೆ 2011ರ ಡಿಸೆಂಬರ್ 30, ಶುಕ್ರವಾರವನ್ನು ಕೈಬಿಟ್ಟಿತು.

ಎರಡೂ ಬಗೆಯ ಗೊಂದಲ ಒಟ್ಟಿಗೆ ಬಂದದ್ದು ಅಲಾಸ್ಕಾದಲ್ಲಿ. 1867ರಲ್ಲಿ ಅಮೆರಿಕ ಅದನ್ನು ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಂಡಿತು. ರಷ್ಯಾದ ಹಳೆಯ ಕ್ಯಾಲೆಂಡರ್ ಬಿಡಬೇಕು, ಜೊತೆಗೆ ಏಷ್ಯಾದ ಕಡೆಯ ದಿನಗಣನೆಯನ್ನೂ ಬಿಡಬೇಕು. ಹೀಗಾಗಿ ಅಲ್ಲಿ ಅಕ್ಟೋಬರ್ 6, ಶುಕ್ರವಾರದ ಮರುದಿನ ಅಕ್ಟೋಬರ್ 18 ಬಂತು, ಅದೂ ಶುಕ್ರವಾರ.

ಜಪಾನಿನ ಬದಲಾವಣೆಯ ಹಿಂದೆ ಸರ್ಕಾರಿ ಬೊಕ್ಕಸದ ಲೆಕ್ಕಾಚಾರವಿತ್ತು. ನಮ್ಮ ಚಾಂದ್ರಮಾನದಂತೆ ಅಲ್ಲಿಯೂ ಅಧಿಕ ಮಾಸವಿರುವ ಪಂಚಾಂಗ. ಮೇಜಿ ಆಡಳಿತ ಅಧಿಕಾರಿಗಳಿಗೆ ತಿಂಗಳ ಸಂಬಳ ಕೊಡಲು ಶುರುಮಾಡಿದ ಮೇಲೆ ಒಂದು ಸಂಕಟ ಎದುರಾಯಿತು: 1873ರಲ್ಲಿ ಅಧಿಕ ಮಾಸ ಬರಲಿದೆ, ಹದಿಮೂರು ಸಂಬಳ ಕೊಡಬೇಕು, ಬೊಕ್ಕಸ ಬರಿದು. 1872ರ ಡಿಸೆಂಬರ್ 9ರಂದು ಹೊರಬಿದ್ದ ಆಜ್ಞೆಯ ಪ್ರಕಾರ ಹಳೆಯ ಪಂಚಾಂಗದ 12ನೇ ತಿಂಗಳ 3ನೇ ದಿನವೇ 1873ರ ಜನವರಿ 1. ಜನರಿಗೆ ಸಿಕ್ಕ ಕಾಲಾವಕಾಶ ಮೂರು ವಾರ ಚಿಲ್ಲರೆ. ಹದಿಮೂರನೆಯ ತಿಂಗಳ ಸಂಬಳ ತಪ್ಪಿತು. ಎರಡೇ ದಿನ ಬದುಕಿದ ಹನ್ನೆರಡನೆಯ ತಿಂಗಳ ಸಂಬಳವೂ ಉಳಿಯಿತು. ಆತುರದಲ್ಲಿ ಶತಮಾನದ ವರ್ಷಗಳ ಸೂತ್ರವನ್ನೇ ಆಜ್ಞೆಯಲ್ಲಿ ಸೇರಿಸಿರಲಿಲ್ಲ. 1900 ಹತ್ತಿರ ಬಂದಾಗ ಎಚ್ಚೆತ್ತು, 1898ರಲ್ಲಿ ಇನ್ನೊಂದು ಆಜ್ಞೆ ಹೊರಡಿಸಬೇಕಾಯಿತು. ಇಂಥ ಉಳಿತಾಯ ಹಳೆಯ ಕಾಲಕ್ಕೇ ಮುಗಿಯಲಿಲ್ಲ. ಸೌದಿ ಅರೇಬಿಯಾ 2016ರಲ್ಲಿ ನೌಕರರ ಸಂಬಳವನ್ನು ಹಿಜರಿ ತಿಂಗಳಿನಿಂದ ಗ್ರೆಗೋರಿಯನ್ ತಿಂಗಳಿಗೆ ಬದಲಿಸಿತು. ಹಿಜರಿ ವರ್ಷ 11 ದಿನ ಚಿಕ್ಕದಾದ್ದರಿಂದ ಅಷ್ಟು ದಿನಗಳ ಸಂಬಳ ಸರ್ಕಾರಕ್ಕೆ ಉಳಿಯಿತು.

ಕ್ರಾಂತಿಕಾರರಿಗೂ ಕ್ಯಾಲೆಂಡರಿನ ಮೇಲೆ ಕಣ್ಣು. ಫ್ರಾನ್ಸಿನ ಕ್ರಾಂತಿಯವರು 1793ರಲ್ಲಿ ಏಳು ದಿನಗಳ ವಾರವನ್ನು ಕಿತ್ತು ಹತ್ತು ದಿನಗಳ ವಾರ ತಂದರು, ಸಂತರ ಹೆಸರಿನ ದಿನಗಳಿಗೆ ಬೆಳೆ, ಪ್ರಾಣಿ, ಕೃಷಿ ಸಲಕರಣೆಗಳ ಹೆಸರಿಟ್ಟರು. ಏಳು ದಿನಕ್ಕೊಮ್ಮೆ ಸಿಗುತ್ತಿದ್ದ ರಜೆ ಹತ್ತು ದಿನಕ್ಕೊಮ್ಮೆಯಾದರೆ ದುಡಿಯುವವರು ಮೆಚ್ಚುವುದುಂಟೆ? 1806ರ ಜನವರಿ 1ರಿಂದ ನೆಪೋಲಿಯನ್ ಅದನ್ನು ರದ್ದುಮಾಡಿದ. ರಷ್ಯಾದಲ್ಲಿ ಲೆನಿನ್ ಸರ್ಕಾರ 1918ರ ಜನವರಿ 31ರ ಮರುದಿನವನ್ನು ಫೆಬ್ರವರಿ 14 ಎಂದು ಘೋಷಿಸಿತು. ಅಕ್ಟೋಬರ್ ಕ್ರಾಂತಿಯ ವಾರ್ಷಿಕೋತ್ಸವ ಪ್ರತಿ ವರ್ಷ ನವೆಂಬರ್ 7ಕ್ಕೆ ನಡೆಯತೊಡಗಿದ್ದು ಹೀಗೆ. 1929ರಲ್ಲಿ ಸ್ಟಾಲಿನ್ ಆಡಳಿತ ಇನ್ನೂ ಮುಂದೆ ಹೋಗಿ ಐದು ದಿನಗಳ ವಾರ ತಂದಿತು. ಕಾರ್ಖಾನೆ ಒಂದು ದಿನವೂ ನಿಲ್ಲಬಾರದೆಂದು ಕಾರ್ಮಿಕರನ್ನು ಹಳದಿ, ಗುಲಾಬಿ, ಕೆಂಪು, ನೇರಳೆ, ಹಸಿರು ಎಂದು ಐದು ಬಣ್ಣದ ಗುಂಪು ಮಾಡಿ ಒಂದೊಂದಕ್ಕೂ ಬೇರೆ ದಿನ ರಜೆ ಕೊಟ್ಟರು. ಗಂಡ ಹಳದಿ, ಹೆಂಡತಿ ಹಸಿರು ಆದರೆ ಇಬ್ಬರೂ ಒಟ್ಟಿಗೆ ಮನೆಯಲ್ಲಿರುವ ದಿನವೇ ಇಲ್ಲ. ಯಂತ್ರಗಳೂ ವಿರಾಮವಿಲ್ಲದೆ ಕೆಡತೊಡಗಿದವು. 1931ರಲ್ಲಿ ಆರು ದಿನದ ವಾರ, 1940ರಲ್ಲಿ ಮತ್ತೆ ಹಳೆಯ ಏಳು ದಿನ.

ಮೈಸೂರು ಸೀಮೆಯೂ ಇಂಥ ಪ್ರಯೋಗವೊಂದನ್ನು ಕಂಡಿದೆ. 1780ರ ದಶಕದಲ್ಲಿ ಟಿಪ್ಪು ಸುಲ್ತಾನ್ ಮೌಲೂದಿ ಎಂಬ ಹೊಸ ಶಕೆ ತಂದ. ಅಧಿಕ ಮಾಸವುಳ್ಳ ಈ ನೆಲದ ಪಂಚಾಂಗದ ಚೌಕಟ್ಟನ್ನು ಇಟ್ಟುಕೊಂಡು ತಿಂಗಳುಗಳಿಗೂ ಅರವತ್ತು ಸಂವತ್ಸರಗಳಿಗೂ ಹೊಸ ಹೆಸರು ಕೊಟ್ಟ. ಆ ಶಕೆಯ ನಾಣ್ಯಗಳಲ್ಲಿ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 1799ರಲ್ಲಿ ಶ್ರೀರಂಗಪಟ್ಟಣದ ಪತನದೊಂದಿಗೆ ಆ ಲೆಕ್ಕವೂ ಮುಗಿಯಿತು.

ಜಾರುವ ಲೆಕ್ಕ ನಮ್ಮ ಪಂಚಾಂಗದಲ್ಲೂ ಇದೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನ. ಈಗ ಆ ಹಬ್ಬ ಜನವರಿ 14 ಅಥವಾ 15ಕ್ಕೆ ಬರುತ್ತದೆ. ನಕ್ಷತ್ರಗಳನ್ನು ಆಧರಿಸಿದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದವಿರುವುದರಿಂದ ಸರಿಸುಮಾರು 70 ವರ್ಷಕ್ಕೆ ಒಂದು ದಿನ ಹಬ್ಬ ಮುಂದಕ್ಕೆ ಹೋಗುತ್ತದೆ. ವಿಜ್ಞಾನಿ ಮೇಘನಾದ ಸಹಾ ನೇತೃತ್ವದ ಸಮಿತಿ ಇದನ್ನು ಸರಿಪಡಿಸಲು ಋತುಗಳಿಗೆ ಕಟ್ಟುಬಿದ್ದ ರಾಷ್ಟ್ರೀಯ ಪಂಚಾಂಗವನ್ನು ರೂಪಿಸಿತು. 1957ರ ಮಾರ್ಚ್ 22, ಶಕ 1879ರ ಚೈತ್ರ 1ರಂದು ಅದು ಜಾರಿಗೆ ಬಂತು. ಸರ್ಕಾರಿ ರಾಜಪತ್ರದಲ್ಲಿ ಅದರ ತಾರೀಖು ಇಂದಿಗೂ ಅಚ್ಚಾಗುತ್ತದೆ, ಮನೆಗಳಲ್ಲಿ ಹಬ್ಬ ನಡೆಯುವುದು ಮಾತ್ರ ಹಳೆಯ ಪಂಚಾಂಗದಂತೆ.

ಯುರೋಪಿನಲ್ಲಿ ಎಲ್ಲರಿಗಿಂತ ಕೊನೆಯ ಸಾಲಿನಲ್ಲಿ ಬಂದ ಗ್ರೀಸ್ 1923ರಲ್ಲಿ ಫೆಬ್ರವರಿ 15ರಿಂದ ಮಾರ್ಚ್ 1ಕ್ಕೆ ಜಿಗಿಯಿತು. ಆದರೆ ರಷ್ಯಾದ ಆರ್ಥೊಡಾಕ್ಸ್ ಚರ್ಚ್ ಇನ್ನೂ ಸೀಸರನ ಲೆಕ್ಕವನ್ನೇ ನಡೆಸಿಕೊಂಡು ಬಂದಿದೆ. ಅದರ ಡಿಸೆಂಬರ್ 25 ಈಗ ನಮ್ಮ ಜನವರಿ 7. ಗ್ರೆಗೋರಿಯನ್ ಲೆಕ್ಕದಲ್ಲಿ 2100 ಅಧಿಕ ವರ್ಷವಲ್ಲ, ಹಳೆಯ ಲೆಕ್ಕದಲ್ಲಿ ಹೌದು. ಆಗ ಅಂತರ 14 ದಿನಕ್ಕೆ ಏರಲಿದ್ದು, 2101ರಲ್ಲಿ ಆ ಚರ್ಚಿನ ಕ್ರಿಸ್‌ಮಸ್ ಜನವರಿ 8ಕ್ಕೆ ಬರಲಿದೆ.